ಸಿನಿಮಾ ನೋಡಿ ಎದ್ದ ಮೇಲೆ ಡೈರಿಯಲ್ಲಿ ಏನು ಬರೆಯಬೇಕು

ಮನೆಯಲ್ಲಿ ಸಿನಿಮಾ ನೋಡಿದವರ ಬಾಯಲ್ಲಿ ಬರುವುದು ಎರಡೇ ಮಾತು. ಚೊಲೋ ಇತ್ತು, ಇಲ್ಲಾ ಬೋರು. ಸ್ವಲ್ಪ ದಿನ ಕಳೆದರೆ ಯಾಕೆ ಚೊಲೋ ಇತ್ತು ಅನ್ನೋದು ಹೇಳಿದವರಿಗೇ ನೆನಪಿರುವುದಿಲ್ಲ. ನಾನು ಬರೆದಿಡುವವಳು. ಶಿರಸಿ ಪಕ್ಕದ ಹಳ್ಳಿ, ತೋಟದ ಮನೆ, ಒಂದು ಟಿವಿ, ಅದರ ಮುಂದೆ ನಮ್ಮತ್ತೆ, ಮತ್ತೆ ಬ್ಯಾಂಕಿನವರು ಕೊಟ್ಟ ಹಳೇ ಡೈರಿ. ಬೇಕಾಗುವ ಸಾಮಾನು ಇಷ್ಟೇ.

ನನ್ನ ಪದ್ಧತಿಯಲ್ಲಿ ಕಟ್ಟುನಿಟ್ಟಿನದು ಒಂದೇ. ಏನೇ ಬರೆದರೂ ಅದರ ಪಕ್ಕದಲ್ಲಿ ‘ಎಲ್ಲಿ?’ ಅನ್ನೋದಕ್ಕೆ ಉತ್ತರ ಇರಬೇಕು. ಅಳು ಬಂತಾ? ಯಾವ ಜಾಗದಲ್ಲಿ? ನಿದ್ದೆ ಬಂತಾ? ಯಾವ ದೃಶ್ಯದಿಂದ ಶುರುವಾಯಿತು?

‘ಮುಂಗಾರು ಮಳೆ’ ತೆಗೆದುಕೊಳ್ಳಿ. 2006ರ ಸಿನಿಮಾ, ಗುಟ್ಟು ಹೇಳಿದರೆ ಯಾರೂ ಬೈಯಲಿಕ್ಕಿಲ್ಲ. ‘ಕೊನೆಗೆ ಅಳು ಬಂತು’ ಅಂತ ಬರೆದರೆ ಕೈಗೆ ಏನೂ ಸಿಗುವುದಿಲ್ಲ. ‘ನಾಯಕ ಪ್ರೀತಿ ಬಿಟ್ಟುಕೊಟ್ಟಾಗ ಅಳು ಬರಲಿಲ್ಲ, ದೇವದಾಸ ಅನ್ನುವ ಮೊಲ ಸತ್ತಾಗ ಬಂತು’ ಅಂತ ಬರೆದು ನೋಡಿ. ಆಗ ಮುಂದಿನ ಸಾಲು ತಾನೇ ಬರುತ್ತದೆ. ಯಾಕೆ ಮೊಲಕ್ಕೆ? ವಟವಟ ಮಾತಾಡುವ ಆ ಹುಡುಗನ ಮಾತನ್ನು ತಕರಾರಿಲ್ಲದೆ ಕೇಳಿಸಿಕೊಂಡಿದ್ದು ಅದೊಂದೇ. ಅದೂ ಹೋದ ಮೇಲೆ ಅವನು ಯಾರ ಹತ್ತಿರ ಮಾತಾಡಬೇಕು? ಇದು ನನ್ನ ಅಭಿಪ್ರಾಯ. ನಿಮಗೆ ಬೇರೆ ಕಡೆ ಅಳು ಬಂದಿದ್ದರೆ ನಿಮ್ಮದು ಬೇರೆಯಾಗುತ್ತದೆ, ಆಗಲಿ.

ಈ ಅಭ್ಯಾಸ ನಮ್ಮ ಕಡೆಯವರಿಗೆ ಹೊಸದೇನಲ್ಲ. ರಾತ್ರಿ ಯಕ್ಷಗಾನದ ಆಟ ನೋಡಿ ಬಂದವರು ಮರುದಿನ ಮಾತಾಡುವುದನ್ನು ಕೇಳಿ. ಯಾವ ಪದ್ಯ ಏರಿತು, ಯಾರ ಅರ್ಥ, ಅಂದರೆ ಮಾತುಗಾರಿಕೆ, ಉದ್ದವಾಯಿತು, ಯಾವ ಪ್ರವೇಶಕ್ಕೆ ಚಂಡೆ ಜಾಸ್ತಿಯಾಯಿತು, ಎಲ್ಲಾ ಹೇಳುತ್ತಾರೆ. ಅದೇ ಜನ ಸಿನಿಮಾ ನೋಡಿ ‘ಅಡ್ಡಿಲ್ಲೆ’ (ಪರವಾಗಿಲ್ಲ) ಅಂದು ಎದ್ದು ಹೋಗುತ್ತಾರೆ. ಯಕ್ಷಗಾನಕ್ಕೆ ಇರುವ ಕಣ್ಣು ಸಿನಿಮಾಕ್ಕೆ ಯಾಕಿಲ್ಲ ಅಂತ ನನಗೆ ಸಿಟ್ಟೇ ಬರುತ್ತದೆ.

ಬರೆಯುವುದು ಅವತ್ತೇ ರಾತ್ರಿ. ಎರಡು ಮೂರು ಸಾಲು ಸಾಕು. ಬೇರೆಯವರ ವಿಮರ್ಶೆ ಓದುವುದು ಅದರ ನಂತರ. ಮೊದಲೇ ಓದಿಬಿಟ್ಟರೆ ಅವರ ಪದಗಳೇ ನಮ್ಮ ಪೆನ್ನಿಗೆ ಬರುತ್ತವೆ. ‘ಮೇಕಿಂಗ್ ಚೆನ್ನಾಗಿದೆ’ ಅನ್ನುವ ಸಾಲು ನಿಮ್ಮ ಡೈರಿಯಲ್ಲಿ ಕಂಡರೆ ಅದು ನಿಮ್ಮದಲ್ಲ, ಹೊಡೆದು ಹಾಕಿ.

ಪುಟದ ತಲೆಯಲ್ಲಿ ತಾರೀಖಿನ ಜೊತೆ ಎಲ್ಲಿ ನೋಡಿದಿರಿ, ಯಾವ ಭಾಷೆಯಲ್ಲಿ, ಒಂದೇ ಸಲಕ್ಕೋ ತುಂಡು ತುಂಡಾಗಿಯೋ ಅಂತ ಬರೆಯಿರಿ. ಬೇಡದ ಲೆಕ್ಕ ಅನ್ನಿಸಬಹುದು. ಆದರೆ ‘ಎ’ ಸರ್ಟಿಫಿಕೇಟಿನ ಸಿನಿಮಾ ಟಿವಿಗೆ ಬರಬೇಕಾದರೆ ಕತ್ತರಿ ಆಡಿಸಿ ಮತ್ತೆ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ‘ಕಥೆ ನಡುವೆ ಹಾರಿತು’ ಅಂತ ನೀವು ಬೈದದ್ದು ಆ ಕತ್ತರಿಗೆ ಇರಬಹುದು, ನಿರ್ದೇಶಕರಿಗಲ್ಲ. ಡಬ್ ಆದದ್ದನ್ನು ನೋಡಿದರೆ ನಟರ ದನಿಯ ಬಗ್ಗೆ ತೀರ್ಪು ಕೊಡಬೇಡಿ. ಬಹಳ ಸಲ ಆ ದನಿ ಅವರದ್ದಾಗಿರುವುದಿಲ್ಲ.

ಟಿವಿಯ ಸೆಟ್ಟಿಂಗನ್ನೂ ಒಂದು ಸಲ ನೋಡಿ. ಸಿನಿಮಾ ಅಂದರೆ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರ. ಈಗಿನ ಬಹಳಷ್ಟು ಟಿವಿಗಳು ಎರಡು ಚಿತ್ರಗಳ ನಡುವೆ ತಾವೇ ಇನ್ನಷ್ಟು ಹುಟ್ಟಿಸಿ ಸೇರಿಸುತ್ತವೆ. ಕ್ರಿಕೆಟ್ಟಿಗೆ ಅದು ಚೊಲೋ. ಸಿನಿಮಾಕ್ಕೆ ಹಾಕಿದರೆ ಎಲ್ಲವೂ ನುಣ್ಣಗೆ ಜಾರಿ ಧಾರಾವಾಹಿ ನೋಡಿದ ಹಾಗಾಗುತ್ತದೆ. ಪಿಕ್ಚರ್ ಮೋಡ್‌ನಲ್ಲಿ ‘ಸಿನಿಮಾ’ ಅಂತ ಇದ್ದರೆ ಅದನ್ನು ಇಟ್ಟುಕೊಳ್ಳಿ. ಮೊದಲು ಬಣ್ಣ ಮಂಕು ಅನಿಸುತ್ತದೆ, ಆಮೇಲೆ ಕಣ್ಣಿಗೆ ಹೊಂದುತ್ತದೆ. ಇನ್ನು ಮಳೆಗಾಲ. ನಮ್ಮ ಜಗಲಿಗೆ ತಗಡಿನ ಮಾಡು. ಜುಲೈ ತಿಂಗಳ ಮಳೆಗೆ ಯಾವ ನಟನ ಪಿಸುಮಾತೂ ಕೇಳುವುದಿಲ್ಲ. ಕನ್ನಡ ಸಿನಿಮಾ ಆದರೂ ಸಬ್‌ಟೈಟಲ್ ಹಾಕಿಕೊಂಡೇ ನೋಡುತ್ತೇನೆ, ಅದನ್ನೂ ಬರೆದಿಡುತ್ತೇನೆ.

ನಮ್ಮ ಜಿಲ್ಲೆಯವರಿಗೆ ಬೇರೆಯೇ ಒಂದು ತೊಡಕು ಇದೆ. ‘ನಮ್ಮೂರ ಮಂದಾರ ಹೂವೆ’ (1996) ಟಿವಿಯಲ್ಲಿ ಬಂದರೆ ಮನೆಯಲ್ಲಿ ಯಾರೂ ಕಥೆ ನೋಡುವುದಿಲ್ಲ. ಯಾಣದ ಕರೀ ಬಂಡೆ ಬಂದ ಕೂಡಲೇ ‘ಅದೇ ದಾರಿ, ಅದೇ ದಾರಿ’ ಅಂತ ಗಲಾಟೆ. ಬೇರೆ ಯಾವುದೋ ಸಿನಿಮಾಕ್ಕೆ ಗೋಕರ್ಣದ ಜಯಂತ ಕಾಯ್ಕಿಣಿ ಹಾಡು ಬರೆದಿದ್ದಾರೆ ಅಂದರೆ ಹಾಡು ಮುಗಿಯುವ ಮೊದಲೇ ನಮ್ಮ ತಲೆ ಆಡಿರುತ್ತದೆ. ಈ ಖುಷಿ ತಪ್ಪಲ್ಲ. ಆದರೆ ಅದಕ್ಕೆ ಬೇರೆ ಸಾಲು ಕೊಡಿ. ನಾನು ‘ನಮ್ಮೂರ ಖುಷಿ’ ಅಂತ ಬರೆದು ಅದನ್ನೆಲ್ಲ ಅಲ್ಲಿ ಸುರಿಯುತ್ತೇನೆ. ಅದನ್ನು ತೆಗೆದ ಮೇಲೆ ಉಳಿದದ್ದು ಸಿನಿಮಾದ ಬಗ್ಗೆ.

ಧಾರಾವಾಹಿಯ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. ಕೊಯ್ಲಿನ ಕಾಲದಲ್ಲಿ ನಮ್ಮನೆಯ ಟಿವಿ ಜಗಲಿಗೆ ಮುಖ ಮಾಡಿ ಕೂರುತ್ತದೆ. ಸುತ್ತ ಅಡಿಕೆ ರಾಶಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರು. ಕಣ್ಣು ಎತ್ತಿದರೆ ಕೈ ಕುಯ್ದುಕೊಳ್ಳುತ್ತದೆ. ಹಾಗಾಗಿ ಧಾರಾವಾಹಿಯನ್ನು ನಾವು ನೋಡುವುದಿಲ್ಲ, ಕೇಳುತ್ತೇವೆ. ಕೇಳುತ್ತಾ ಕೇಳುತ್ತಾ ಒಂದು ಸಂಗತಿ ಹೊಳೆಯಿತು. ಬಹಳ ಧಾರಾವಾಹಿಗಳಿಗೆ ಕಣ್ಣು ಬೇಕಾಗಿಯೇ ಇಲ್ಲ. ಪಾತ್ರ ಬಂದ ಕೂಡಲೇ ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆ. ಆಘಾತ ಆದರೆ ಢಣ್ ಅಂತ ಸದ್ದು ಬರುತ್ತದೆ. ಮನಸ್ಸಿನಲ್ಲಿ ಅಂದುಕೊಂಡಿದ್ದೂ ದನಿಯಾಗಿ ಕೇಳುತ್ತದೆ. ಅಡುಗೆಮನೆಯಲ್ಲಿ, ಜಗಲಿಯಲ್ಲಿ ಕೆಲಸ ಮಾಡುವ ಹೆಂಗಸರನ್ನು ನಂಬಿಕೊಂಡೇ ಅದನ್ನು ಹೀಗೆ ಕಟ್ಟುತ್ತಾರೆ ಅಂತ ನನ್ನ ಲೆಕ್ಕ. ‘ನಟನೆ ಅತಿಯಾಯಿತು’ ಅಂತ ಬರೆಯುವ ಮೊದಲು ಒಂದು ಕಂತನ್ನು ಕಣ್ಣು ಮುಚ್ಚಿ ಕೇಳಿ. ಕೇಳುವಾಗಲೂ ಅತಿ ಅನಿಸಿದರೆ ಬರೆಯಿರಿ.

ದಿನಾ ಬರುವ ಕಂತಿಗೆ ನಾನು ಇಡುವ ಪ್ರಶ್ನೆ ಒಂದೇ: ಶುರುವಿನಿಂದ ಕೊನೆಗೆ ಏನು ಬದಲಾಯಿತು? ಟಿವಿಯಲ್ಲಿ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ನಿಯಮ ಇದೆ. ಅಂದರೆ ಅರ್ಧ ಗಂಟೆಯ ಕಂತಿಗೆ ಸುಮಾರು 24 ನಿಮಿಷ ಉಳಿಯಬೇಕು. ಅದರಲ್ಲಿ ನಿನ್ನೆಯ ಕಥೆಗೆ ಸ್ವಲ್ಪ, ನಾಳೆಯ ಝಲಕ್‌ಗೆ ಸ್ವಲ್ಪ. ಉಳಿದದ್ದರಲ್ಲಿ ಒಬ್ಬರಿಗಾದರೂ ಏನಾದರೂ ಹೊಸದು ಗೊತ್ತಾಯಿತಾ, ಯಾರಾದರೂ ಒಂದು ತೀರ್ಮಾನಕ್ಕೆ ಬಂದರಾ? ಇಲ್ಲ ಅಂದರೆ ‘ಏನಿಲ್ಲ’ ಅಂತ ಒಂದೇ ಪದ ಬರೆಯಿರಿ. ವಾರದ ಕೊನೆಗೆ ಪುಟ ತಿರುವಿದರೆ ಆ ಧಾರಾವಾಹಿ ನೋಡಬೇಕೋ ಬಿಡಬೇಕೋ ಅಂತ ಡೈರಿಯೇ ಹೇಳುತ್ತದೆ.

ಒಂದೇ ಕಂತಿಗೆ ಮುಗಿಯುವ ಕಥೆಯನ್ನು ಹೀಗೆ ಅಳೆಯಬೇಡಿ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಎರಡಕ್ಕೂ ಉದಾಹರಣೆ. ಸ್ವಾಮಿಯ ಕಥೆ ಹಲವು ಕಂತು ನಡೆಯುತ್ತದೆ, ಉಳಿದ ಎಷ್ಟೋ ಕಥೆಗಳು ಒಂದರಲ್ಲೇ ಮುಗಿಯುತ್ತವೆ. ಸ್ವಾಮಿಯ ಒಂದು ಕಂತಿನಲ್ಲಿ ಏನೂ ಆಗದಿದ್ದರೂ ನನಗೆ ಬೇಜಾರಿಲ್ಲ. ಆ ಹುಡುಗ ಸುಮ್ನೆ ಓಡಾಡಿದರೂ ಆಗುಂಬೆಯ ಬೀದಿ ನೋಡುತ್ತಾ ಕೂರಬಹುದು. ಒಂದೇ ಕಂತಿನ ಕಥೆಗೆ ಆ ರಿಯಾಯಿತಿ ಕೊಡುವುದಿಲ್ಲ. ಅದರ ಕೊನೆಯ ಎರಡು ನಿಮಿಷದ ಬಗ್ಗೆ ಬರೆದೇ ಬರೆಯುತ್ತೇನೆ.

ಮೊಬೈಲಿನಲ್ಲಿ ವೆಬ್ ಸೀರೀಸ್ ನೋಡುವವರು ಒಂದು ಕೆಲಸ ಮಾಡಿ. ಮುಂದಿನ ಕಂತು ತಾನಾಗಿ ಓಡುವುದನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿ. ಆ ನಡುವಿನ ಬಿಡುವಿನಲ್ಲಿ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಬೆಳಗ್ಗೆ ಎದ್ದಾಗ ಮೂರನೇ ಕಂತಿನದು ಯಾವುದು, ಐದನೇದು ಯಾವುದು ಅಂತ ಗೊತ್ತಾಗುವುದಿಲ್ಲ.

ನಾನು ಸ್ಟಾರ್ ಕೊಡುವುದಿಲ್ಲ. ‘ಸಂಸ್ಕಾರ’ಕ್ಕೂ ಒಂದು ಹಾಸ್ಯ ಚಿತ್ರಕ್ಕೂ ಒಂದೇ ಅಳತೆಗೋಲು ಹೇಗೆ ಹಿಡಿಯುವುದು? ಅದರ ಬದಲು ‘ಮತ್ತೆ ನೋಡ್ತೀನಾ?’ ಅಂತ ಬರೆಯುತ್ತೇನೆ. ಮತ್ತೆ ನೋಡಿದಾಗ ಅದೇ ಪುಟದಲ್ಲಿ ಬೇರೆ ಬಣ್ಣದ ಪೆನ್ನು. 1970ರ ‘ಸಂಸ್ಕಾರ’ವನ್ನು ಮೊದಲ ಸಲ ನೋಡಿದಾಗಿನ ನೀಲಿ ಸಾಲಿನಲ್ಲಿ ಇರುವುದೆಲ್ಲ ಗಿರೀಶ ಕಾರ್ನಾಡರು ಮಾಡಿದ ಪ್ರಾಣೇಶಾಚಾರ್ಯರ ಪಾತ್ರದ ವಿಷಯ. ಕಾರ್ನಾಡರು ಶಿರಸಿಯಲ್ಲಿ ಬೆಳೆದವರಲ್ವಾ, ನಮ್ಮೂರ ಖುಷಿ ಅಲ್ಲೂ ನುಗ್ಗಿದೆ. ಆಮೇಲಿನ ಕೆಂಪು ಸಾಲಿನಲ್ಲಿ ಹಸಿವಿನ ಮಾತು ಇದೆ. ಕಥೆಯಲ್ಲಿ ಸತ್ತವನ ಹೆಣಕ್ಕೆ ಸಂಸ್ಕಾರ ಆಗುವ ತನಕ ಅಗ್ರಹಾರದವರು ಊಟ ಮಾಡುವಂತಿಲ್ಲ. ಧರ್ಮದ ಚರ್ಚೆಯ ಅಡಿಯಲ್ಲಿ ಹೊಟ್ಟೆಯ ಅವಸರವೂ ಇದೆ ಅಂತ ಎರಡನೇ ಸಲಕ್ಕೆ ಕಂಡಿತು. ನೀಲಿ ಸಾಲನ್ನು ಅಳಿಸಿಲ್ಲ, ಅಳಿಸಲೂಬಾರದು.

ಜೊತೆಗೆ ಕೂತು ನೋಡಿದವರ ಮಾತಿಗೂ ಒಂದು ಸಾಲು ಇಡಿ, ಅವರು ಹೇಳಿದ ಹಾಗೇ. ನಮ್ಮತ್ತೆಯ ಸಾಲುಗಳು ನನ್ನವಕ್ಕಿಂತ ಚೊಲೋ. ಒಂದು ಧಾರಾವಾಹಿಗೆ ಅವರು ಹೇಳಿದ್ದು: ‘ಆ ಹುಡ್ಗಿ ಯಾವಾಗ್ಲೂ ಬಾಗ್ಲ ಹಿಂದೆ ನಿಂತ್ಕಂಡು ಕೇಳ್ತಲೇ, ಅದ್ಕೆ ಬೇರೆ ಕೆಲ್ಸ ಇಲ್ಯಾ?’ ಇಡೀ ಕಥೆ ಕದ್ದು ಕೇಳುವುದರ ಮೇಲೆ ನಿಂತಿದೆ ಅಂತ ನಾನು ಒಂದು ಪುಟ ಬರೆದಿದ್ದೆ.

ಬೇರೆಯವರಿಗೆ ಹೇಳುವಾಗ ಡೈರಿಯನ್ನೆಲ್ಲ ಓದಬೇಡಿ. ಬೆಂಗಳೂರಿನಿಂದ ಮಗಳು ಫೋನ್ ಮಾಡಿ ‘ಆಯಿ, ಇದು ನೋಡ್ಲಕ್ಕಾ?’ ಅಂತ ಕೇಳುತ್ತಾಳೆ. ಎಷ್ಟು ಹೊತ್ತಿನದು, ಮಕ್ಕಳ ಜೊತೆ ಕೂತು ನೋಡಬಹುದಾ, ಆಸ್ಪತ್ರೆ, ಸಾವು, ಹೊಡೆದಾಟ ಎಷ್ಟಿದೆ, ಇಷ್ಟು ಮೊದಲು ಹೇಳುತ್ತೇನೆ. ಕಥೆ ಹೇಳುವುದಾದರೆ ಮೊದಲ ಕಾಲು ಗಂಟೆಯದ್ದು ಮಾತ್ರ. ಆಮೇಲೆ ನನ್ನದೊಂದು ಸಾಲು, ಅಜ್ಜಿಯದೊಂದು ಸಾಲು. ಅವಳು ಬಹಳ ಸಲ ಅಜ್ಜಿಯ ಸಾಲು ಕೇಳಿಯೇ ತೀರ್ಮಾನ ಮಾಡುತ್ತಾಳೆ.