ಹಾರ್ಮೋನಿಯಂ ಮ್ಯಾಲ ಸಾಫ್ಟ್‌ವೇರ್ ವಾದ್ಯ ಸೇರಿಸೋ ಮುಂಚೆ ಶ್ರುತಿ ನೋಡ್ರಿ

ರಾಯಚೂರು, ಕೊಪ್ಪಳ ಕಡೆ ಭಜನಿ ಮೇಳದ ತತ್ವಪದ ಲ್ಯಾಪ್‌ಟಾಪ್‌ನಾಗ ರೆಕಾರ್ಡ್ ಮಾಡಿ, ಮ್ಯಾಲ ಸ್ಟ್ರಿಂಗ್ಸ್, ಕೊಳಲು ಕೂಡಿಸೋ ಹುಡುಗರಿಗೆ ಈ ಮಾತು. ಸಾಫ್ಟ್‌ವೇರ್ ವಾದ್ಯಗಳು ಸಾಮಾನ್ಯವಾಗಿ A ಸ್ವರ 440 ಹರ್ಟ್ಸ್ ಅಂತ ಕೂತಿರ್ತಾವ. ಹಳೇ ಹಾರ್ಮೋನಿಯಂ ಸರಿಯಾಗಿ ಅಲ್ಲೇ ಇರೋದು ಅಪರೂಪ. ಎರಡೂ ಕೂಡಿಸಿದ್ರ ಕಿವಿಗೆ ಹುಳಿ ಹುಳಿ ಅನ್ನಿಸ್ತದ.

ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಾಗ ಹಾರ್ಮೋನಿಯಂ ಟ್ರ್ಯಾಕ್‌ಗೆ ಶ್ರುತಿ ತೋರಿಸೋ ರೀಟ್ಯೂನ್ ಹಾಕ್ರಿ. ಕರಿ ಒಂದು ಒತ್ತಿ 5 ಸೆಕೆಂಡ್ ಹಿಡೀರಿ. ತಿದಿ ಒಂದೇ ಸಮ ಒತ್ತಬೇಕು; ಗಾಳಿ ಹೆಚ್ಚುಕಮ್ಮಿ ಆದ್ರ ರೀಡಿನ ಸ್ವರನೂ ಅಲುಗ್ತದ. ಎಷ್ಟು ಸೆಂಟ್ಸ್ (ಅರ್ಧ ಸ್ವರದ ನೂರನೇ ಒಂದು ಪಾಲು) ಮ್ಯಾಲ ಕೆಳಗ ಅದ ಅಂತ ಕಾಣ್ತದ. 12 ಸೆಂಟ್ಸ್ ಮ್ಯಾಲ ಇದ್ರ, ಆ 440 ಸುಮಾರು 443 ಹರ್ಟ್ಸ್ ಆದ ಲೆಕ್ಕ. ಸಾಫ್ಟ್‌ವೇರ್ ವಾದ್ಯದ ಮಾಸ್ಟರ್ ಟ್ಯೂನ್ ಅಷ್ಟೇ ಏರಿಸ್ರಿ. ಇದು ಬಿಟ್ಟು ಹಾಡಿದವರ ದನಿಗೆ ಸ್ವರ ತಾನೇ ತಿದ್ದೋ ಆಟೋಟ್ಯೂನ್ ಬಿಗಿಯಾಗಿ ಹಾಕಬ್ಯಾಡ್ರಿ, ಗಮಕ ಎಲ್ಲಾ ಮೆಟ್ಟಿಲು ಮೆಟ್ಟಿಲು ಆಗ್ತದ.

ರೆಕಾರ್ಡಿಂಗ್ 24 ಬಿಟ್, 48 ಕಿಲೋಹರ್ಟ್ಸ್. ತಾರಕಕ್ಕ ಹೋದಾಗೂ ಮೀಟರ್ ಮೈನಸ್ 12 ಡಿಬಿ ದಾಟಬಾರ್ದು. ಒಮ್ಮೆ ಒಡೆದ ದನಿ ವಾಪಸ್ ಬರಂಗಿಲ್ಲ.

ಹಾಡುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ತಗೊಳ್ಳೋ ದನಿಯ ತುಣುಕು) 128 ಸ್ಯಾಂಪಲ್ ಇಡ್ರಿ. 1024 ಇದ್ರ ಬಫರ್ ಒಂದರಿಂದನೇ 21 ಮಿಲಿಸೆಕೆಂಡ್ ತಡ, ಹೆಡ್‌ಫೋನ್‌ನಾಗ ತಾಳ ತಪ್ತದ. ಮಿಕ್ಸಿಂಗ್ ಹೊತ್ತಿಗೆ 1024 ಮಾಡ್ಕೊಳ್ರಿ, ಚಟಪಟ ಸದ್ದು ನಿಲ್ತದ.

ಫ್ಯಾನ್ ಬಂದ್. ನಮ್ಮ ಬಿಸಿಲಿನಾಗ ಇದು ಶಿಕ್ಷೆನೇ, ಅದಕ್ಕ ಬೆಳಿಗ್ಗೆ 5ಕ್ಕ ಕೂಡ್ರಿ. ರೆಕಾರ್ಡಿಂಗ್ ಗುಂಯ್ ಅಂತಿದ್ರ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡ್ರಿ.