ಅಗ್ಗದ ಹೆಡ್‌ಫೋನ್ ಒಂದನ್ನು ಹಾಕಿ, ಕೇಳಿ, ನೋಡಿದ್ದು

ಹೆಡ್‌ಫೋನ್ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಡಬ್ಬಿಯಿಂದ ಶುರು ಮಾಡುತ್ತಾರೆ. ನಾನು ಕಿವಿಯಿಂದ ಶುರು ಮಾಡುತ್ತೇನೆ. ಅಗ್ಗದ ಹೆಡ್‌ಫೋನ್ ಕಿವಿಯ ಮೇಲೆ ಹೇಗೆ ಕೂರುತ್ತದೆ ಅನ್ನೋದರಲ್ಲೇ ಅದರ ಅರ್ಧ ಸದ್ದು ತೀರ್ಮಾನವಾಗಿಬಿಟ್ಟಿರುತ್ತದೆ. ಇದನ್ನು ನೋಡದೆ ಬೇಸ್ (ಕೆಳಗಿನ ದಪ್ಪ ಸ್ವರಗಳು) ಚೆನ್ನಾಗಿದೆ, ಟ್ರೆಬಲ್ (ಮೇಲಿನ ಚೂಪು ಸ್ವರಗಳು) ಚೆನ್ನಾಗಿಲ್ಲ ಅಂತ ಬರೆದರೆ ಓದಿದವರಿಗೆ ಏನೂ ಸಿಗುವುದಿಲ್ಲ.

ಈ ಸಲ ಕೈಗೆ ಬಂದದ್ದು ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದಾದ ಒಂದು ಜೋಡಿ. ಕಿವಿಯನ್ನು ಪೂರ್ತಿ ಸುತ್ತುವರಿಯುವುದಿಲ್ಲ, ಕಿವಿಯ ಮೇಲೆ ಒತ್ತಿ ಕೂರುತ್ತದೆ. ಕಿವಿಯ ಮೇಲೆ ಕೂರುವ ಬಟ್ಟಲುಗಳ, ಅಂದರೆ ಕಪ್ಪುಗಳ, ಹಿಂಬದಿ ಮುಚ್ಚಿದೆ. ಬ್ಲೂಟೂತ್ ಇದೆ, ಬೇಕಾದರೆ 3.5 ಮಿ.ಮೀ. ವೈರ್ ಕೂಡ ಚುಚ್ಚಬಹುದು. ಹೆಸರು ಹೇಳುತ್ತಿಲ್ಲ. ಈ ದರ್ಜೆಯಲ್ಲಿ ಒಂದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರು ಹೊತ್ತು ಬರುವುದು ಮಾಮೂಲು. ಹೆಸರಿಗಿಂತ ಪರೀಕ್ಷೆ ಮಾಡಿದ ಬಗೆ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಡಬ್ಬಿಯ ಮೇಲಿನ ಅಂಕಿಗಳ ಬಗ್ಗೆ ಎರಡೇ ಮಾತು. '20 ಹರ್ಟ್ಸ್‌ನಿಂದ 20,000 ಹರ್ಟ್ಸ್' ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಮನುಷ್ಯನ ಕಿವಿಗೆ ಕೇಳುವ ವ್ಯಾಪ್ತಿ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅಂಕಿ ಸಣ್ಣದಿದ್ದಷ್ಟೂ ಸ್ವರ ಕೆಳಗಿನದು. ಆ ವ್ಯಾಪ್ತಿಯೊಳಗೆ ಸದ್ದು ಎಷ್ಟು ಡೆಸಿಬಲ್ ಏರುತ್ತದೆ, ಎಷ್ಟು ಇಳಿಯುತ್ತದೆ ಅಂತ ಹೇಳದಿದ್ದರೆ ಆ ಸಾಲಿಗೆ ಅರ್ಥವೇ ಇಲ್ಲ. '40 ಎಂಎಂ ಡ್ರೈವರ್' ಕೂಡ ಅಷ್ಟೇ. ಡ್ರೈವರ್, ಅಂದರೆ ಸದ್ದು ಹೊರಡಿಸುವ ಒಳಗಿನ ಪುಟ್ಟ ಸ್ಪೀಕರ್, ದೊಡ್ಡದಿದ್ದ ಮಾತ್ರಕ್ಕೆ ಸದ್ದು ಚೆನ್ನಾಗಿರಬೇಕೆಂದಿಲ್ಲ. ನಾನು ನೋಡುವುದು '32 ಓಮ್' ಅನ್ನುವ ಸಾಲನ್ನು. ಅದು ವಿದ್ಯುತ್ತಿಗೆ ಡ್ರೈವರ್ ಒಡ್ಡುವ ತಡೆ. ಅಷ್ಟಿದ್ದರೆ ವೈರ್ ಹಾಕಿದಾಗ ಮಾಮೂಲಿ ಫೋನೇ ಆರಾಮಾಗಿ ಸಾಕಷ್ಟು ಜೋರು ಕೊಡುತ್ತದೆ.

ಈಗ ಕಿವಿಗೆ ಬರೋಣ. ಮೊದಲು ಮಾಡಿದ್ದು 50 ಹರ್ಟ್ಸ್‌ನ ಒಂದೇ ಸ್ವರ ಹಾಕಿ ಸುಮ್ನೆ ಕೂತದ್ದು. ಹೊಟ್ಟೆಯಿಂದ ಬಂದ ಹಾಗಿನ ಗುಂಯ್ ಸದ್ದು ಅದು. ಸಂಗೀತದ ಮಧ್ಯೆ ಗೊತ್ತಾಗದ್ದು ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಎರಡೂ ಕಪ್ಪುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿದೆ. ಸದ್ದು ಏರಿತು. ಬಿಟ್ಟೆ, ಇಳಿಯಿತು. ಅಂದರೆ ಎಲ್ಲೋ ಗಾಳಿ ಸೋರುತ್ತಿದೆ. ಡ್ರೈವರ್‌ಗೂ ಕಿವಿಗೂ ನಡುವೆ ಸಿಕ್ಕಿಕೊಂಡ ಗಾಳಿಯ ಒತ್ತಡದಿಂದಲೇ ಕೆಳಗಿನ ಸ್ವರಗಳು ನಮಗೆ ಮುಟ್ಟುವುದು. ಸಂದು ಇದ್ದರೆ ಆ ಒತ್ತಡ ಹೊರಗೆ ಹೋಗಿಬಿಡುತ್ತದೆ. ಮೇಲಿನ ಸ್ವರಗಳಿಗೆ ಅಷ್ಟಾಗಿ ತೊಂದರೆಯಿಲ್ಲ, ಬೇಸ್ ಮಾತ್ರ ಬಡವಾಗುತ್ತದೆ.

ಸಂದು ಎಲ್ಲಿ ಅಂತ ಹುಡುಕಿದೆ. ಕಿವಿಯ ಹಿಂದೆ, ಕೆಳಗಡೆ, ದವಡೆಯ ಮೂಳೆ ಶುರುವಾಗುವ ಜಾಗದಲ್ಲಿ ಪ್ಯಾಡ್ ತಾಗುತ್ತಲೇ ಇರಲಿಲ್ಲ. ಹೆಡ್‌ಬ್ಯಾಂಡನ್ನು ಒಂದು ಹಲ್ಲು ಕೆಳಗೆ ಎಳೆದು, ಕಪ್ಪುಗಳನ್ನು ಸ್ವಲ್ಪವೇ ಮುಂದಕ್ಕೆ ತಂದೆ. ಗುಂಯ್ ಸದ್ದು ತಟ್ಟನೆ ದಪ್ಪವಾಯಿತು. ಸರಿಸಿದ್ದು ಹೆಚ್ಚೆಂದರೆ ಒಂದು ಬೆರಳಿನ ಕಾಲು ಭಾಗ.

ಆಮೇಲೆ ಕನ್ನಡಕ ಹಾಕಿಕೊಂಡೆ. ಬೇಸ್ ಮತ್ತೆ ಮಾಯ! ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿಯುತ್ತದೆ, ಅದರ ಮೇಲೂ ಕೆಳಗೂ ಗಾಳಿಗೆ ದಾರಿಯಾಗುತ್ತದೆ. ತೆಳು ಲೋಹದ ಕಡ್ಡಿಯಾದರೆ ಪರವಾಗಿಲ್ಲ, ದಪ್ಪ ಪ್ಲಾಸ್ಟಿಕ್ ಕಡ್ಡಿಯಾದರೆ ಇನ್ನೊಂದು ಹೆಡ್‌ಫೋನನ್ನೇ ಕೇಳಿದ ಹಾಗೆ. ಒಂದೇ ಮಾಡೆಲ್ಲಿಗೆ ಒಬ್ಬರು 'ಬೇಸ್ ಭರ್ಜರಿ' ಅಂತಲೂ ಇನ್ನೊಬ್ಬರು 'ಡಬ್ಬದ ಸದ್ದು' ಅಂತಲೂ ಬರೆಯುತ್ತಾರಲ್ಲ, ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಒಬ್ಬರಿಗೆ ಕನ್ನಡಕ ಇರುತ್ತದೆ, ಇನ್ನೊಬ್ಬರಿಗೆ ಇರುವುದಿಲ್ಲ, ಅಷ್ಟೇ. ಹಾಗಾಗಿ ವಿಮರ್ಶೆ ಓದುವಾಗ ಬರೆದವರು ಕನ್ನಡಕ ಹಾಕುತ್ತಾರಾ ಅಂತ ನಾನು ಮೊದಲು ಹುಡುಕುತ್ತೇನೆ. ಬಹಳ ಜನ ಅದನ್ನು ಹೇಳುವುದೇ ಇಲ್ಲ.

ಇನ್ನು ಹಿಡಿತ. ಹೊಸದರಲ್ಲಿ ಈ ಜೋಡಿ ಇಕ್ಕಳದ ಹಾಗೆ ತಲೆ ಹಿಡಿಯುತ್ತಿತ್ತು. ಅರ್ಧ ಗಂಟೆ ಏನೂ ಅನಿಸುವುದಿಲ್ಲ. ಒಂದು ಗಂಟೆ ದಾಟುವಷ್ಟರಲ್ಲಿ ಕಿವಿಯ ಮೇಲಂಚು ಉರಿಯುತ್ತದೆ, ಕನ್ನಡಕ ಇದ್ದರಂತೂ ಕಡ್ಡಿ ಒತ್ತಿದ ಕಡೆ ನೋವು. ದಪ್ಪ ಪುಸ್ತಕಗಳನ್ನು ಜೋಡಿಸಿ, ತಲೆಗಿಂತ ಸ್ವಲ್ಪವೇ ಅಗಲ ಬರುವ ಹಾಗೆ ಮಾಡಿ, ರಾತ್ರಿಯಿಡೀ ಅದಕ್ಕೆ ಸಿಕ್ಕಿಸಿಟ್ಟೆ. ಒಳಗೆ ಲೋಹದ ಪಟ್ಟಿ ಇರುವ ಹೆಡ್‌ಬ್ಯಾಂಡಿಗೆ ಈ ಉಪಾಯ ನಡೆಯುತ್ತದೆ, ಬರೀ ಪ್ಲಾಸ್ಟಿಕ್ಕಾದರೆ ಬಿರುಕು ಬಿಡುವ ಭಯ. ಬೆಳಿಗ್ಗೆ ಹಿಡಿತ ಸಡಿಲವಾಗಿತ್ತು, ನೋವೂ ಕಡಿಮೆಯಾಗಿತ್ತು. ಮತ್ತೆ 50 ಹರ್ಟ್ಸ್ ಹಾಕಿ ಕೇಳಿದರೆ ಬೇಸೂ ಒಂಚೂರು ಇಳಿದಿತ್ತು. ಕಿವಿಯ ಮೇಲೆ ಕೂರುವ ಮುಚ್ಚಿದ ಹೆಡ್‌ಫೋನ್‌ಗಳ ಹಣೆಬರಹವೇ ಇದು. ಬಿಗಿ ಇದ್ದರೆ ಬೇಸ್, ಸಡಿಲ ಇದ್ದರೆ ಸುಖ. ನಾನು ಸುಖದ ಕಡೆಗೇ ಸ್ವಲ್ಪ ವಾಲಿದೆ.

ಸದ್ದಿನ ಗುಣ ನೋಡಲು ಪಕ್ಕದಲ್ಲಿ ಹೋಲಿಕೆಗೆ ಇನ್ನೊಂದು ಬೇಕು. ನನ್ನ ಬಳಿ ಕಾಸ್ ಕಂಪನಿಯ ಪೋರ್ಟಾ ಪ್ರೊ ಇದೆ. 1984ರಲ್ಲಿ ಬಂದ ಮಾಡೆಲ್, ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಸಿಗುತ್ತದೆ. ತೆಳು ಲೋಹದ ಪಟ್ಟಿ, ಸ್ಪಂಜಿನ ಪ್ಯಾಡ್, 60 ಓಮ್, ಹಿಂಬದಿ ತೆರೆದದ್ದು. ತೆರೆದದ್ದಾದ್ದರಿಂದ ಹೊರಗಿನ ಸದ್ದು ಒಳಗೆ, ಒಳಗಿನದು ಹೊರಗೆ. ಆದರೆ ಪ್ಯಾಡ್ ಬಿಗಿಯಾಗಿ ಮುಚ್ಚಲೇಬೇಕು ಅನ್ನುವ ಹಟ ಅದಕ್ಕೆ ಅಷ್ಟಿಲ್ಲ. ಅದಕ್ಕೇ ಅಳತೆಗೋಲಾಗಿ ಒಳ್ಳೆಯದು.

ಹೋಲಿಸುವಾಗ ಎರಡರ ಜೋರೂ ಒಂದೇ ಇರಬೇಕು. ಇಲ್ಲಿ ಬಿಗಿಯಾಗಿ ನಡೆದುಕೊಳ್ಳದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಎರಡರಲ್ಲಿ ಒಂದು ಚೂರೇ ಚೂರು ಜೋರಾಗಿದ್ದರೂ ಅದೇ ಚೆನ್ನಾಗಿದೆ ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಇನ್ನೊಂದು ಕಾರಣವೂ ಇದೆ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, ಜೋರಾದಂತೆ ಅದು ತುಂಬಿಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದ್ದರು. ಹಾಗಾಗಿ ವಾಲ್ಯೂಮ್ ಬೇರೆಯಾದರೆ ನೀವು ಹೋಲಿಸುತ್ತಿರುವುದು ನಿಮ್ಮ ಕಿವಿಯ ಸ್ವಭಾವವನ್ನು! ನಾನು ಒಬ್ಬರೇ ಮಾತಾಡುವ ರೆಕಾರ್ಡಿಂಗ್ ಹಾಕಿ, ಇದನ್ನು ಹಾಕಿ ಅದನ್ನು ತೆಗೆದು, ಧ್ವನಿ ಎರಡರಲ್ಲೂ ಅಷ್ಟೇ ದೂರದಿಂದ ಬಂದಂತೆ ಕೇಳುವವರೆಗೆ ವಾಲ್ಯೂಮ್ ಸರಿ ಮಾಡಿಕೊಂಡೆ. ಫೋನಿನ ಡೆಸಿಬಲ್ ಆ್ಯಪನ್ನು ಪ್ಯಾಡಿಗೆ ಹಿಡಿದು ಅಳೆಯುವವರಿದ್ದಾರೆ. ಹೀಗೆ ಸಂದು ಬಿಟ್ಟು ಹಿಡಿದು ಅಳೆದ ಅಂಕಿಯನ್ನು ನಾನು ನಂಬುವುದಿಲ್ಲ.

ಇದೇ ರೆಕಾರ್ಡಿಂಗಿನಿಂದ ಇನ್ನೊಂದು ಕೆಲಸವಾಯಿತು. ಮೋನೋದಲ್ಲಿ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಕೊಟ್ಟು, ಹಾಕಿದ ಧ್ವನಿ ತಲೆಯ ನಟ್ಟನಡುವೆ ನಿಲ್ಲಬೇಕು. ಈ ಜೋಡಿಯಲ್ಲಿ ಅದು ಎಡಗಡೆಗೆ ವಾಲುತ್ತಿತ್ತು. ಕಿವಿಯದ್ದೇ ದೋಷವಿರಬಹುದಲ್ವಾ? ಅದನ್ನು ತಿಳಿಯಲು ಹೆಡ್‌ಫೋನನ್ನೇ ತಿರುಗಿಸಿ ಹಾಕಿಕೊಂಡೆ, ಎಡದ್ದು ಬಲಕ್ಕೆ. ಧ್ವನಿ ಎಡದಲ್ಲೇ ಉಳಿದರೆ ಕಿವಿ ಕಾರಣ, ಬಲಕ್ಕೆ ಹಾರಿದರೆ ಹೆಡ್‌ಫೋನ್ ಕಾರಣ. ಹಾರಿತು. ಬಲಗಡೆಯ ಪ್ಯಾಡ್ ತೆಗೆದು ನೋಡಿದೆ. ಅದರ ಅಂಚಿನ ಚರ್ಮ ಒಂದು ಕಡೆ ಕಪ್ಪಿನ ತೋಡಿನೊಳಗೆ ಸೇರದೆ ಮಡಚಿಕೊಂಡಿತ್ತು. ಉಗುರಿನಿಂದ ಸುತ್ತಲೂ ಒತ್ತಿ ಕೂರಿಸಿದೆ. ಧ್ವನಿ ನಡುವೆ ಬಂದು ನಿಂತಿತು. ಡ್ರೈವರ್ ಹಾಳು ಅಂತ ವಾಪಸ್ ಕಳಿಸುವ ಮಾಲುಗಳಲ್ಲಿ ಇಂಥವೂ ಇರುತ್ತವೇನೋ ಅಂತ ನನ್ನ ಅನುಮಾನ.

ಎಲ್ಲ ಕೂರಿಸಿಕೊಂಡ ಮೇಲೆ ಸಂಗೀತ. ತಬಲಾದ ಎಡದ (ಡಗ್ಗಾದ) ಮೇಲೆ ಅಂಗೈ ಒತ್ತಿ ಜಾರಿಸಿದಾಗ ಸ್ವರ ಕೆಳಗಿಂದ ಮೇಲಕ್ಕೆ ಏರುತ್ತದಲ್ಲ, ಅದು ನನಗೆ ಬಹಳ ಉಪಯೋಗಕ್ಕೆ ಬರುವ ಸದ್ದು. ಒಳ್ಳೆಯ ಹೆಡ್‌ಫೋನಿನಲ್ಲಿ ಆ ಜಾರು ಎಲ್ಲೂ ಮುಗ್ಗರಿಸದೆ ಏರುತ್ತದೆ. ಇಲ್ಲಿ ಕೆಳಗೆ ಚೆನ್ನಾಗಿತ್ತು, 100 ಹರ್ಟ್ಸ್ ದಾಟಿ 200ರವರೆಗೆ ಊದಿಕೊಂಡು, ಆಮೇಲೆ ಒಮ್ಮೆಲೇ ಸಣ್ಣಗಾಯಿತು. ಸ್ವರವನ್ನು ಕೆಳಗಿಂದ ಮೇಲಕ್ಕೆ ನಿಧಾನವಾಗಿ ಒಯ್ಯುವ ಸ್ವೀಪ್ ಫೈಲ್ ಹಾಕಿದಾಗಲೂ ಅದೇ ಜಾಗದಲ್ಲಿ ಉಬ್ಬು. ಗಂಡಸರ ಮಾತು ಮಂಕಾಗಿ, ಕಂಬಳಿ ಹೊದ್ದ ಹಾಗೆ ಕೇಳುತ್ತಿದ್ದದ್ದು ಇದರಿಂದಲೇ. ತಂಬೂರಿ ಹಾಕಿದೆ. ತಂತಿಯ ಝೇಂಕಾರದಲ್ಲಿ ಮೇಲಿನ ಎಳೆಗಳು ಇದ್ದವು, ಆದರೆ ಒಂದರಿಂದ ಒಂದು ಬಿಡಿಸಿ ಕೇಳುತ್ತಿರಲಿಲ್ಲ. ಪೋರ್ಟಾ ಪ್ರೊದಲ್ಲಿ ಬಿಡಿಸಿ ಕೇಳುತ್ತವೆ. ಹಾಡುಗಾರ್ತಿಯ 'ಸ', 'ಶ' ಅಕ್ಷರಗಳು ಮಾತ್ರ ಚುಚ್ಚುತ್ತಿರಲಿಲ್ಲ. ಅಗ್ಗದವುಗಳಲ್ಲಿ ಇದು ಅಪರೂಪ. ಟ್ರೆಬಲ್ ಜಾಸ್ತಿ ಮಾಡಿ 'ಸ್ಪಷ್ಟತೆ' ಅಂತ ಮಾರುವುದೇ ಹೆಚ್ಚು.

ಬೇಕಾದ ಸ್ವರಗಳನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ 150 ಹರ್ಟ್ಸ್ ಸುತ್ತಮುತ್ತ 4 ಡೆಸಿಬಲ್ ಇಳಿಸಿದೆ. ಬೇರೇನನ್ನೂ ಮುಟ್ಟಲಿಲ್ಲ. ಮಾತು ಕಂಬಳಿಯಿಂದ ಹೊರಗೆ ಬಂತು. ಕಡಿಮೆ ಇರುವುದನ್ನು ಏರಿಸುವುದಕ್ಕಿಂತ ಜಾಸ್ತಿ ಇರುವುದನ್ನು ಇಳಿಸುವುದು ಯಾವತ್ತೂ ಕ್ಷೇಮ. ಏರಿಸಿದರೆ ಸಣ್ಣ ಡ್ರೈವರ್ ಅದುರುತ್ತದೆ, ಫೈಲಿನ ಜೋರಾದ ಕಡೆಗಳಲ್ಲಿ ಸದ್ದು ಒಡೆಯುತ್ತದೆ. ಗಾಳಿ ಸೋರಿ ಹೋದ ಬೇಸನ್ನು ಈಕ್ವಲೈಸರ್‌ನಿಂದ ತುಂಬಿಸಲು ಹೊರಡುವುದಂತೂ ದಂಡ. ಮೊದಲು ಸಂದು ಮುಚ್ಚಬೇಕು.

ವೈರ್ ಚುಚ್ಚಿದಾಗ ಸದ್ದು ಬೇರೆಯಾಯಿತು. ಉಬ್ಬು ಕಡಿಮೆ, ಟ್ರೆಬಲ್ ಇನ್ನಷ್ಟು ಮಂಕು. ಬ್ಲೂಟೂತ್‌ನಲ್ಲಿ ಇರುವಾಗ ಒಳಗಿನ ಚಿಪ್ ಸದ್ದನ್ನು ತಿದ್ದಿ ಕಳಿಸುತ್ತಿರುತ್ತದೆ, ವೈರ್ ಹಾಕಿದರೆ ಆ ತಿದ್ದುಪಡಿ ತಪ್ಪಿ ಡ್ರೈವರ್‌ನ ಅಸಲಿ ಮುಖ ಕಾಣುತ್ತದೆ. ಎಲ್ಲದರಲ್ಲೂ ಹೀಗೇ ಆಗಬೇಕೆಂದಿಲ್ಲ, ಆದರೆ ಎರಡನ್ನೂ ಬೇರೆ ಬೇರೆಯಾಗಿ ಕೇಳಿ ನೋಡಬೇಕು. ಕೋಡೆಕ್, ಅಂದರೆ ಬ್ಲೂಟೂತ್‌ನಲ್ಲಿ ಕಳಿಸಲು ಸದ್ದನ್ನು ಕುಗ್ಗಿಸುವ ವಿಧಾನದ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದು ನನಗೆ ಅತಿ ಅನಿಸುತ್ತದೆ. ಇದರಲ್ಲಿ ಎಸ್‌ಬಿಸಿ ಮತ್ತು ಎಎಸಿ ಎರಡೂ ಇವೆ. ಎರಡರ ನಡುವೆ ನನಗೆ ಕೇಳಿಸಿದ ವ್ಯತ್ಯಾಸ, ಕನ್ನಡಕ ಹಾಕಿ ತೆಗೆದಾಗಿನ ವ್ಯತ್ಯಾಸದ ಮುಂದೆ ಏನೇನೂ ಅಲ್ಲ.

ಮೈಕ್ ವಿಷಯ ಬೇರೆ. ಲ್ಯಾಪ್‌ಟಾಪಿನಲ್ಲಿ ಹಾಡು ಕೇಳುತ್ತಾ ಇದ್ದು, ಮೀಟಿಂಗ್ ಶುರುವಾದ ತಕ್ಷಣ ಸದ್ದು ಹಳೇ ಟೆಲಿಫೋನಿನ ಹಾಗೆ ಆಯಿತು ಅಂತ ಬಹಳ ಜನ ಗೊಣಗುತ್ತಾರೆ. ಹೆಡ್‌ಫೋನ್ ಕೆಟ್ಟಿರುವುದಿಲ್ಲ. ಮಾಮೂಲಿ ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದರೆ ಸಂಪರ್ಕ ಕರೆಯ ದಾರಿಗೆ ಬದಲಾಗುತ್ತದೆ. ಅಲ್ಲಿ ಸದ್ದು ಮೋನೋ, ಸ್ಯಾಂಪ್ಲಿಂಗ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದು ದಾಖಲಿಸುತ್ತಾರೆ ಅನ್ನುವ ಲೆಕ್ಕ) ಸಾಮಾನ್ಯವಾಗಿ 8 ಅಥವಾ 16 ಕಿಲೋಹರ್ಟ್ಸ್. ಸಿ.ಡಿ.ಯದು 44.1 ಅಂತ ನೆನಪಿಸಿಕೊಂಡರೆ ಎಷ್ಟು ಇಕ್ಕಟ್ಟು ಅಂತ ತಿಳಿಯುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಮೈಕ್ ಆಗಿ ಲ್ಯಾಪ್‌ಟಾಪಿನದ್ದನ್ನೇ ಆಯ್ಕೆ ಮಾಡಿದೆ. ಕೇಳುವ ಸದ್ದು ಮೊದಲಿನಂತಾಯಿತು. ಆ ಕಡೆಯವರೂ 'ಈಗ ಸ್ಪಷ್ಟವಾಗಿ ಕೇಳ್ತಿದೆ' ಅಂದರು.

ಹೊರಗಿನ ಗಲಾಟೆ ತಡೆಯುವುದರಲ್ಲಿ ಇದಕ್ಕೆ ಸಾಧಾರಣ ಅಂಕ. ಮಾತು, ಪಾತ್ರೆ ಸದ್ದು ಒಂದಿಷ್ಟು ತಗ್ಗುತ್ತವೆ, ಎಂಜಿನ್ನಿನ ಗುಡುಗುಡು ನೇರ ಒಳಗೆ ಬರುತ್ತದೆ. ಆಗ ಕೈ ತಾನಾಗಿ ವಾಲ್ಯೂಮ್ ಏರಿಸಲು ಹೋಗುತ್ತದೆ, ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ಗದ್ದಲದ ಗಾಡಿಯಲ್ಲಿ ದಿನಾ ಓಡಾಡುವವರಿಗೆ ನಾನು ಈ ಜೋಡಿಯನ್ನು ಹೇಳುವುದಿಲ್ಲ. ಕಿವಿಯೊಳಗೆ ರಬ್ಬರ್ ತುದಿ ಹೋಗುವ ಇಯರ್‌ಫೋನೇ ಅವರಿಗೆ ವಾಸಿ.

ಗಟ್ಟಿತನ ಪರವಾಗಿಲ್ಲ. ಮಡಚುವ ಕೀಲು ಕಿರುಗುಟ್ಟುವುದಿಲ್ಲ, ಕಪ್ಪಿನ ಹತ್ತಿರ ವೈರ್ ಬಾಗುವ ಕಡೆ ರಬ್ಬರ್ ತೋಳು ಕೊಟ್ಟಿದ್ದಾರೆ. ಮೊದಲು ಹೋಗುವುದು ಪ್ಯಾಡೇ. ಈ ನಕಲಿ ಚರ್ಮ ಬೆವರು, ಸೆಕೆಗೆ ವರ್ಷಗಳಲ್ಲಿ ಹಪ್ಪಳದ ಚೂರಿನ ಹಾಗೆ ಉದುರುತ್ತದೆ. ಅದಕ್ಕೇ ಕೊಳ್ಳುವ ಮೊದಲೇ ಪ್ಯಾಡ್ ಕಳಚಿ ಹಾಕಬಹುದಾ, ಆ ಅಳತೆಯದ್ದು ಬಿಡಿಯಾಗಿ ಸಿಗುತ್ತದಾ ಅಂತ ನೋಡಿಕೊಂಡಿದ್ದೆ. ಅದೇ ಅಳತೆಯ ವೆಲ್ವೆಟ್ ಪ್ಯಾಡ್ ತರಿಸಿ ಹಾಕಿಯೂ ನೋಡಿದೆ. ಕಿವಿಗೆ ಹಿತ, ಸೆಕೆ ಇಲ್ಲ. ಆದರೆ ಬಟ್ಟೆಯ ಮೂಲಕ ಗಾಳಿ ಆಡುತ್ತದೆ, 50 ಹರ್ಟ್ಸ್ ಸ್ವರ ಹಾಕಿದರೆ ಅರ್ಧಕ್ಕರ್ಧ ಕಾಣೆ. ಮಾತು ಕೇಳುವುದಕ್ಕೆ ಅದನ್ನೇ ಉಳಿಸಿಕೊಂಡಿದ್ದೇನೆ. 150 ಹರ್ಟ್ಸ್‌ನ ಉಬ್ಬೂ ಅದರಿಂದ ತಗ್ಗಿದ್ದರಿಂದ ಈಕ್ವಲೈಸರ್ ತೆಗೆದುಬಿಟ್ಟೆ. ಹಾಡು ಕೇಳಬೇಕು ಅನಿಸಿದಾಗ ಹಳೇ ಪ್ಯಾಡ್ ಹಾಕಿ, ಕನ್ನಡಕ ತೆಗೆದಿಟ್ಟು ಕೂರುತ್ತೇನೆ.