ದೇಣಿಗೆ ಕೇಳುವುದು ಮುಖ್ಯಸ್ಥರ ಕೆಲಸ: ವರ್ಷದ ನಿಧಿ ಸಂಗ್ರಹಕ್ಕೆ ತಯಾರಿ ಹೇಗೆ?

ಸೇವಾ ಸಂಸ್ಥೆಯಲ್ಲಿ ಹಣದ ಮುಗ್ಗಟ್ಟು ಬಂದಾಗ ಆಡಳಿತ ಮಂಡಳಿಗೆ ಮೊದಲು ಹೊಳೆಯುವ ಉಪಾಯ, ಫಂಡ್‌ರೈಸಿಂಗ್‌ಗೆ ಒಬ್ಬರನ್ನು ನೇಮಿಸಿಕೊಳ್ಳುವುದು. ಹಾಗೆ ಬಂದವರು ಅರ್ಜಿ ಬರೆಯುತ್ತಾರೆ, ದಾನಿಗಳ ಪಟ್ಟಿ ಇಡುತ್ತಾರೆ, ಭೇಟಿ ಗೊತ್ತುಮಾಡುತ್ತಾರೆ. ಆದರೆ ದೊಡ್ಡ ಮೊತ್ತ ಕೊಡುವವರು ಕೇಳುವುದೇ ಬೇರೆ: ಮೂರು ವರ್ಷದ ಮೇಲೆ ಈ ಸಂಸ್ಥೆ ಏನಾಗಿರುತ್ತದೆ, ಈ ಯೋಜನೆ ಕೈಕೊಟ್ಟರೆ ಏನು ಮಾಡುತ್ತೀರಿ? ಇದಕ್ಕೆ ಮಾತು ಕೊಡುವ ಅಧಿಕಾರ ಇರುವುದು ಮುಖ್ಯಸ್ಥರಿಗೂ ಟ್ರಸ್ಟಿಗಳಿಗೂ ಮಾತ್ರ. ಅವರಿಲ್ಲದ ಭೇಟಿಯಲ್ಲಿ ಹೆಚ್ಚಾಗಿ ಸಿಗುವುದು ‘ಯೋಚಿಸಿ ಹೇಳುತ್ತೇವೆ’ ಎಂಬ ಉತ್ತರ. ಮುಖ್ಯಸ್ಥರು ವಾರಕ್ಕೆ ಒಂದು ಪೂರ್ತಿ ದಿನವನ್ನಾದರೂ ದಾನಿಗಳಿಗೆ ಎತ್ತಿಡಬೇಕು.

ಸಿಬ್ಬಂದಿ ನೇಮಿಸುವುದೇ ಆದರೆ ಸಂಬಳ ಕೊಡಿ, ಬಂದ ಹಣದಲ್ಲಿ ಕಮಿಷನ್ ಬೇಡ. ನಿಧಿ ಸಂಗ್ರಹವನ್ನೇ ವೃತ್ತಿ ಮಾಡಿಕೊಂಡವರ ಸಂಘವಾದ ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್‌ನ ನೀತಿಸಂಹಿತೆ ಕಮಿಷನ್ ಪದ್ಧತಿಯನ್ನು ಒಪ್ಪುವುದಿಲ್ಲ. ಕಮಿಷನ್ ಇದ್ದಲ್ಲಿ ಎರಡು ವರ್ಷ ಕಾದರೆ ದೊಡ್ಡದಾಗಿ ಕೊಡಬಹುದಾದ ದಾನಿಯಿಂದ ಇವತ್ತೇ ಸಣ್ಣ ಚೆಕ್ ಬರೆಸಿಕೊಳ್ಳುವ ಆಸೆ ಹುಟ್ಟುತ್ತದೆ.

ಮೊದಲು ಖರ್ಚಿನ ಲೆಕ್ಕ

ಯೋಜನೆಯ ಬಜೆಟ್‌ನಲ್ಲಿ ನೇರ ಖರ್ಚಷ್ಟನ್ನೇ ಬರೆದು ಅರ್ಜಿ ಹಾಕುವುದು ತುಂಬ ಸಾಮಾನ್ಯವಾದ ತಪ್ಪು. ಕಚೇರಿ ಬಾಡಿಗೆ, ಲೆಕ್ಕಪತ್ರ, ಆಡಿಟ್, ಮೇಲ್ವಿಚಾರಣೆಗೆ ಹೋಗುವ ಸಮಯ ಇವೂ ಆ ಯೋಜನೆಯ ಖರ್ಚೇ. ನೇರ ಖರ್ಚು 4,00,000 ಇದ್ದು, ಸಂಸ್ಥೆಯ ಸಿಬ್ಬಂದಿಯ ಕಾಲು ಭಾಗ ಆ ಯೋಜನೆಯಲ್ಲಿದ್ದರೆ, 4,80,000ದ ಸಾಮಾನ್ಯ ಖರ್ಚಿನಲ್ಲಿ ಕಾಲು ಭಾಗ, ಅಂದರೆ 1,20,000, ಇದಕ್ಕೆ ಸೇರಬೇಕು. ನಿಜವಾದ ವೆಚ್ಚ 5,20,000. ನಾಲ್ಕು ಲಕ್ಷವನ್ನೇ ಕೇಳಿದರೆ ಅನುದಾನ ಸಿಕ್ಕಷ್ಟೂ ಸಂಸ್ಥೆ ಬಡವಾಗುತ್ತ ಹೋಗುತ್ತದೆ. ಆಡಳಿತ ವೆಚ್ಚ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ದಾನಿಗಳು ವಾದಿಸುವುದುಂಟು. ಆ ಒಂದು ಅಂಕಿಯಿಂದಲೇ ಸಂಸ್ಥೆಯನ್ನು ಅಳೆಯಬೇಡಿ ಎಂದು ಅಮೆರಿಕದಲ್ಲಿ ಇಂಥ ಸಂಸ್ಥೆಗಳ ಮಾಹಿತಿ ಮತ್ತು ಮೌಲ್ಯಮಾಪನ ಒದಗಿಸುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ 2013ರಲ್ಲಿ ಬಹಿರಂಗ ಪತ್ರವನ್ನೇ ಬರೆದವು.

ಗುರಿಯನ್ನು ಒಡೆಯುವುದು

‘ಸಾವಿರ ಜನ ಸಾವಿರ ಸಾವಿರ ಕೊಟ್ಟರೆ ಹತ್ತು ಲಕ್ಷ’ ಎಂಬ ಲೆಕ್ಕ ಕಾಗದದ ಮೇಲೆ ಸರಿ. ನಡೆಯುವುದಿಲ್ಲ, ಏಕೆಂದರೆ ಕೊಡುವ ಶಕ್ತಿಯೂ ಒಲವೂ ಎಲ್ಲರಲ್ಲಿ ಒಂದೇ ಸಮ ಇರುವುದಿಲ್ಲ. ಹೆಚ್ಚಿನ ಹಣ ಕೆಲವೇ ಜನರಿಂದ ಬರುತ್ತದೆ. 10,00,000ದ ಗುರಿಯನ್ನು ಹೀಗೆ ಒಡೆಯಬಹುದು:

- 1,50,000ದ ಒಂದು ದೇಣಿಗೆ
- 75,000ದ ಎರಡು
- 40,000ದ ನಾಲ್ಕು
- 20,000ದ ಎಂಟು
- 7,500ರ ಇಪ್ಪತ್ತು
- ಉಳಿದ 2,30,000 ಸಣ್ಣ ಮೊತ್ತಗಳಲ್ಲಿ

ಮೇಲಿನ 35 ದೇಣಿಗೆಗಳಲ್ಲೇ 7,70,000 ಆಯಿತು. ಕೇಳಿದವರೆಲ್ಲ ಕೊಡುವುದಿಲ್ಲವಾದ್ದರಿಂದ ಮೊದಲ ಮೂರು ಸಾಲುಗಳ ಪ್ರತಿ ದೇಣಿಗೆಗೆ ನಾಲ್ಕು ಹೆಸರು, ಮುಂದಿನ ಎರಡಕ್ಕೆ ಮೂರು ಹೆಸರು ಬೇಕು: ಒಟ್ಟು 112. ಇವು ಸಿರಿವಂತರ ಹೆಸರುಗಳಾಗಿದ್ದರೆ ಸಾಲದು. ಹಿಂದೆ ಕೊಟ್ಟವರು, ಸ್ವಯಂಸೇವಕರು, ಟ್ರಸ್ಟಿಗಳ ಪರಿಚಯದವರು, ಹೀಗೆ ಸಂಸ್ಥೆಯ ಕೆಲಸವನ್ನು ಸ್ವಲ್ಪವಾದರೂ ಬಲ್ಲವರಿರಬೇಕು. ಪಟ್ಟಿ 40 ಹೆಸರಿಗೇ ನಿಂತರೆ ಈ ವರ್ಷದ ಗುರಿ ಇಳಿಸಿ, ಇಲ್ಲವೇ ಮೊದಲ ಆರು ತಿಂಗಳು ಪರಿಚಯ ಬೆಳೆಸುವುದಕ್ಕೇ ಇಡಿ.

ಹೊರಗಿನವರನ್ನು ಕೇಳುವ ಮುನ್ನ ಟ್ರಸ್ಟಿಗಳೆಲ್ಲ ತಮ್ಮ ಪಾಲು ಕೊಟ್ಟಿರಬೇಕು. ಮೊತ್ತ ಎಷ್ಟಿದ್ದರೂ ಚಿಂತೆಯಿಲ್ಲ, ಆದರೆ ಒಬ್ಬರೂ ತಪ್ಪಬಾರದು. ಅನುದಾನ ಕೊಡುವವರು ‘ನಿಮ್ಮ ಮಂಡಳಿಯವರೆಲ್ಲ ಕೊಟ್ಟಿದ್ದಾರೆಯೇ’ ಎಂದು ನೇರವಾಗಿಯೇ ಕೇಳುತ್ತಾರೆ. ಇನ್ನು, ಕೇಳಲು ಎಲ್ಲ ಟ್ರಸ್ಟಿಗಳಿಗೂ ಬಾಯಿ ಬರುವುದಿಲ್ಲ. ಅಂಥವರಿಗೆ ಪರಿಚಯ ಮಾಡಿಸುವುದನ್ನೋ ಧನ್ಯವಾದದ ಫೋನ್ ಮಾಡುವುದನ್ನೋ ವಹಿಸಿ. ಬಲವಂತವಾಗಿ ಕಳಿಸಿದವರು ಬರಿಗೈಲಿ ಬರುತ್ತಾರೆ.

ಕೇಳುವ ಭೇಟಿ

ಇಬ್ಬರು ಹೋಗಿ: ದಾನಿಯ ಪರಿಚಯವಿರುವ ಟ್ರಸ್ಟಿ ಮತ್ತು ಮುಖ್ಯಸ್ಥರು. ಹಣದ ಮಾತು ಇದೆ ಎಂದು ಭೇಟಿ ಗೊತ್ತುಮಾಡುವಾಗಲೇ ತಿಳಿಸಿ. ಸುಮ್ಮನೆ ಕಂಡು ಹೋಗಲು ಬಂದೆವು ಎಂದು ಕೂತು ಕೊನೆಗೆ ಕೈಚಾಚಿದರೆ ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ. ಯಾರು ಏನು ಹೇಳಬೇಕು, ಮೊತ್ತವನ್ನು ಯಾರು ಬಾಯಿಬಿಟ್ಟು ಹೇಳಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ. ಇದಾಗದ ಕಡೆ ಇಬ್ಬರೂ ಇನ್ನೊಬ್ಬರು ಕೇಳುತ್ತಾರೆಂದು ಕಾದು, ಕೇಳದೆಯೇ ಎದ್ದು ಬರುತ್ತಾರೆ.

ಮುಕ್ಕಾಲು ಗಂಟೆ ಸಾಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಾನಿಯ ಮಾತಾಗಲಿ. ಕೇಳುವ ವಾಕ್ಯದಲ್ಲಿ ಮೊತ್ತ, ಉದ್ದೇಶ, ಅವಧಿ ಮೂರೂ ಇರಬೇಕು: ‘ಈ ತರಬೇತಿ ಕೇಂದ್ರ ನಡೆಸಲು ಎರಡು ವರ್ಷ, ವರ್ಷಕ್ಕೆ 75,000 ಕೊಡುವುದನ್ನು ಯೋಚಿಸುತ್ತೀರಾ?’ ಅಷ್ಟು ಹೇಳಿ ಸುಮ್ಮನಾಗಿ. ಹೊಸಬರು ಎಡವುವುದು ಇಲ್ಲೇ. ಮೌನ ತಾಳಲಾರದೆ ‘ಅಷ್ಟೇ ಅಂತಲ್ಲ, ಕೈಲಾದಷ್ಟು ಕೊಡಿ’ ಎಂದುಬಿಡುತ್ತಾರೆ. ದಾನಿ ಲೆಕ್ಕ ಹಾಕುತ್ತಿದ್ದ ಆ ಅರೆನಿಮಿಷದಲ್ಲಿ ಮೊತ್ತವನ್ನು ನಾವೇ ಇಳಿಸಿದಂತಾಗುತ್ತದೆ.

ಇಲ್ಲವೆಂದರೆ ಯಾವುದಕ್ಕೆ ಇಲ್ಲ ಎಂದು ತಿಳಿದುಕೊಳ್ಳಿ. ಮೊತ್ತ ಜಾಸ್ತಿಯಾದರೆ ಕಂತು ಮಾಡಬಹುದು. ಉದ್ದೇಶ ಹಿಡಿಸದಿದ್ದರೆ ಇನ್ನೊಂದು ಯೋಜನೆ ತೋರಿಸಬಹುದು. ಸಮಯ ಸರಿಯಿಲ್ಲದಿದ್ದರೆ ಯಾವಾಗ ಬರಲಿ ಎಂದು ಕೇಳಬಹುದು. ಸಂಸ್ಥೆಯ ಮೇಲೇ ನಂಬಿಕೆ ಇಲ್ಲದಿದ್ದರೆ ಹಣದ ಮಾತು ಬಿಟ್ಟು ದೂರು ಕೇಳಿಸಿಕೊಂಡು ಬನ್ನಿ.

ಹಣ ಬಂದ ಮೇಲೆ

ರಸೀದಿ ಮತ್ತು ಧನ್ಯವಾದ 48 ಗಂಟೆಯೊಳಗೆ ತಲುಪಲಿ. ಮೂರು ತಿಂಗಳಿಗೆ, ಏನನ್ನೂ ಕೇಳದೆ, ಆ ಹಣದಲ್ಲಿ ಏನಾಯಿತು, ಏನು ಆಗಲಿಲ್ಲ ಎಂದು ಅರ್ಧ ಪುಟ ಬರೆದು ಕಳಿಸಿ. ಇದರ ಬೆಲೆ ಲೆಕ್ಕದಲ್ಲಿ ಕಾಣುತ್ತದೆ: ನೂರು ದಾನಿಗಳಲ್ಲಿ ವರ್ಷಕ್ಕೆ ಶೇ. 45 ಮಂದಿ ಉಳಿದರೆ ಮೂರು ವರ್ಷಕ್ಕೆ 9 ಜನ, ಶೇ. 60 ಉಳಿದರೆ ಸುಮಾರು 22 ಜನ.

ಒಂದು ಉದ್ದೇಶಕ್ಕೆಂದು ಬಂದ ಹಣವನ್ನು ಪುಸ್ತಕದಲ್ಲಿ ಬೇರೆಯೇ ತೋರಿಸಿ. ‘ಈಗ ಸಂಬಳಕ್ಕೆ ತೆಗೆದು ಆಮೇಲೆ ತುಂಬೋಣ’ ಎಂಬ ಮಾತು ಶುರುವಾದ ತಿಂಗಳೇ ಮಂಡಳಿಗೆ ತಿಳಿಯಬೇಕು. ಮೂರರಿಂದ ಆರು ತಿಂಗಳ ಖರ್ಚಿನಷ್ಟು ಮೀಸಲು ನಿಧಿ ಇರಲಿ ಎನ್ನುವಾಗ ಇಂಥ ಹಣವನ್ನು ಸೇರಿಸಿ ಎಣಿಸುವಂತಿಲ್ಲ. ಪ್ರತಿ ತಿಂಗಳ ಸಭೆಯ ಮುಂದೆ ಮುಂದಿನ ಹನ್ನೆರಡು ತಿಂಗಳ ನಗದು ಅಂದಾಜು ಇಡಿ: ಒಪ್ಪಂದವಾದ ಮೊತ್ತ ಪೂರ್ತಿ, ಬಾಯಿಮಾತಿನ ಒಪ್ಪಿಗೆ ಮುಕ್ಕಾಲು, ಅರ್ಜಿ ಹಾಕಿದ್ದು ಐದನೇ ಒಂದು. ಒಬ್ಬ ದಾನಿಯ ಪಾಲು ಆದಾಯದ ಮೂರನೇ ಒಂದನ್ನು ದಾಟಿದರೆ, ಅವರು ನಿಲ್ಲಿಸಿದರೆ ಏನೆಂಬುದನ್ನೂ ಅದೇ ಸಭೆಯಲ್ಲಿ ಚರ್ಚಿಸಿ.

ಕೊನೆಯದಾಗಿ, ಮುಖ್ಯಸ್ಥರು ಬಿಟ್ಟು ಹೋದಾಗ ದಾನಿಗಳೂ ಹೋಗುವುದು ಎಲ್ಲ ಮಾಹಿತಿ ಒಬ್ಬರ ಮೊಬೈಲ್‌ನಲ್ಲೇ ಇದ್ದಾಗ. ಪ್ರತಿ ಭೇಟಿಯ ಮಾರನೆಯ ದಿನ ಐದು ಸಾಲು ಬರೆದಿಡಿ: ಯಾರು ಹೋಗಿದ್ದರು, ದಾನಿ ಏನು ಕೇಳಿದರು, ಎಷ್ಟು ಕೇಳಿದೆವು, ಏನೆಂದರು, ಮುಂದಿನ ಹೆಜ್ಜೆ ಯಾರದು ಮತ್ತು ಯಾವ ತಾರೀಖಿಗೆ.